ಪಾಯಕ್ಕೆ ಬಿದ್ದ ಮೇಲ್ಮಣ್ಣು

ಐದನೇ ತರಗತಿಗೆ ಮಣ್ಣಿನ ಪಾಠ ಮಾಡುವಾಗ ನಾನು ಪುಸ್ತಕ ತೆರೆಯುವುದಿಲ್ಲ. ಮೊದಲ ದಿನ ಮಕ್ಕಳನ್ನು ಬದುವಿನ ಹತ್ತಿರ ಕರೆದುಕೊಂಡು ಹೋಗಿ, ಮೇಲಿನ ಒಂದು ಗೇಣು ಮಣ್ಣೇ ನಮಗೆಲ್ಲ ಅನ್ನ ಹಾಕುವುದು, ಅದರ ಕೆಳಗಿರುವುದು ಬರೀ ಗರಸು ಎಂದು ತೋರಿಸುತ್ತೇನೆ. ಮುಂದಿನ ವಾರ ಅವರವರ ಹೊಲದ ಮಣ್ಣನ್ನು ಬಾಟಲಿಯಲ್ಲಿ ತರಿಸಿ, ನೀರು ಹಾಕಿ ಕುಲುಕಿಸುತ್ತೇನೆ. ಕಲ್ಲು ತಳಕ್ಕಿಳಿಯುತ್ತದೆ. ಕೊಳೆತ ಎಲೆ, ಬೇರಿನ ಕಪ್ಪು ಚೂರುಗಳು ಮೇಲೆ ತೇಲುತ್ತವೆ.

ಶಾಲೆ ಇರುವುದು ಗುಬ್ಬಿ ತಾಲ್ಲೂಕಿನ ಕಡಬದ ಹತ್ತಿರದ ಹಳ್ಳಿಯಲ್ಲಿ. ದೂರದ ಬಟವಾಡಿಯ ಬಾಡಿಗೆ ಮನೆಯಿಂದ ದಿನವೂ ಬಸ್ಸಿನಲ್ಲಿ ಓಡಾಡಿ ಸಾಕಾಗಿ, ಕೆಲವು ವರ್ಷದ ಹಿಂದೆ ಗುಬ್ಬಿಯಲ್ಲಿ ಸೈಟು ತೆಗೆದುಕೊಂಡು ಮನೆ ಶುರು ಮಾಡಿದ್ದೆ. ಪಾಯ ತುಂಬಿಸಲು ಎಂಟು ಲೋಡ್ ಮಣ್ಣು ಬೇಕಿತ್ತು. ನನ್ನ ತರಗತಿಯ ಒಬ್ಬ ಹುಡುಗಿಯ ತಂದೆಗೆ ಟ್ರ್ಯಾಕ್ಟರ್ ಇತ್ತು, ಅವರಿಗೇ ಹೇಳಿದ್ದೆ. ಎಲ್ಲಿಂದ ತರುತ್ತೀರಿ ಎಂದು ಕೇಳಲಿಲ್ಲ. ಮನೆ ಕಟ್ಟುವವರು ಯಾರು ಕೇಳುತ್ತಾರೆ?

ಬಾಟಲಿಯ ದಿನ ಆ ಹುಡುಗಿಯ ಬಾಟಲಿಯಲ್ಲಿ ಒಂದು ಚೂರೂ ತೇಲಲಿಲ್ಲ. ಅಷ್ಟೂ ಕಲ್ಲು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ.

"ರೋಡಲ್ಲಿ ಬಾಚ್ಕೊಂಡು ಬಂದ್ಯೇನೇ?" ಎಂದೆ. ಮಕ್ಕಳು ನಕ್ಕರು.

"ನಮ್ಮೊಲದ್ದೇ ಮಿಸ್," ಎಂದಳು. ಕಣ್ಣು ತುಂಬಿತ್ತು. "ಮೇಲಿಂದೆಲ್ಲ ನಿಮ್ ಮನೆಗೆ ಹೊಡೀತೈತೆ ನಮ್ಮಪ್ಪ. ಮಿಸ್ ಮನೆಗೆ ಗರಸು ಹಾಕಕ್ಕಾಯ್ತದಾ, ಒಳ್ಳೇ ಮಣ್ಣು ಯಾವ್ದು ಅಂತ ಕೇಳ್ತು. ನಾನೇ ಹೇಳ್ಕೊಟ್ಟೆ."

ಬಾಟಲಿ ಕೆಳಗಿಟ್ಟು ಫೋನ್ ತೆಗೆದೆ. ಅಂದು ಮಧ್ಯಾಹ್ನ ಪಾಯದ ಮಣ್ಣಿನ ಮೇಲೆ ಬೆಡ್ ಕಾಂಕ್ರೀಟ್ ಹಾಕುತ್ತೇವೆ ಎಂದು ಬೆಳಿಗ್ಗೆಯೇ ಮೇಸ್ತ್ರಿ ಫೋನ್ ಮಾಡಿದ್ದರು. ಈಗ ನಾನು ಮಾಡಿದರೆ ಎತ್ತಲಿಲ್ಲ. ಹುಡುಗಿಯ ತಂದೆಯೂ ಎತ್ತಲಿಲ್ಲ. ಅರ್ಧ ದಿನ ರಜೆ ಬರೆದಿಟ್ಟು ರಸ್ತೆಗೆ ಬಂದರೆ ಬಸ್ಸಿಲ್ಲ. ಕೊನೆಗೆ ಸಿಕ್ಕ ಆಟೋದವನು ದಾರಿಯುದ್ದಕ್ಕೂ ಜನ ಹತ್ತಿಸಿಕೊಳ್ಳಲು ನಿಲ್ಲಿಸುತ್ತಿದ್ದ. ಪ್ರತಿ ಸಲ ನಿಲ್ಲಿಸಿದಾಗಲೂ ನಾನು ಅವನಿಗೆ ಬೈದೆ. ಅವನ ತಪ್ಪೇನೂ ಇರಲಿಲ್ಲ.

ನಾನು ಮುಟ್ಟುವ ಹೊತ್ತಿಗೆ ಮಣ್ಣು ಗುದ್ದುವ ದಮ್ಮಸು ಮುಗಿದು, ಕಾಂಕ್ರೀಟೂ ಬಿದ್ದಾಗಿತ್ತು. ಹೆಚ್ಚಾದ ಎರಡು ಲೋಡ್ ಮಾತ್ರ ಸೈಟಿನ ಮುಂದೆ ಗುಡ್ಡೆಯಾಗಿತ್ತು. ಹುಡುಗಿಯ ತಂದೆ ಟ್ರ್ಯಾಕ್ಟರಿನಿಂದ ಇಳಿದು ನಗುತ್ತಾ ಬಂದರು.

"ಈ ಮಣ್ಣು ವಾಪಸ್ ತಗೊಂಡೋಗಿ," ಎಂದು ಕೂಗಿಬಿಟ್ಟೆ.

ಅವರ ಮುಖ ಸಣ್ಣದಾಯಿತು. "ಯಾಕ್ ಮೇಡಮ್, ಚೆನ್ನಾಗಿಲ್ವಾ?"

"ಇದಕ್ಕಿಂತ ಚೆನ್ನಾಗಿರೋದು ಸಿಗಲ್ಲ. ಅದಕ್ಕೇ ತಗೊಂಡೋಗಿ ಅಂತಿರೋದು."

"ಮನೆಗೆ ಅಂತ ಕೊಟ್ಟಿದ್ನ ಹೆಂಗ್ ಮೇಡಮ್ ವಾಪಸ್ ತಗೊಳ್ಳೋದು? ಮಗಳು ಕೇಳಿದ್ರೆ ಏನ್ ಹೇಳ್ಲಿ?"

ನಾನೇ ಸಲಿಕೆ ಎತ್ತಿಕೊಂಡು ಮಂಕರಿಗೆ ತುಂಬತೊಡಗಿದೆ. ಅವರೂ ಸಲಿಕೆ ಹಿಡಿದರು. ಮಣ್ಣಿನಲ್ಲಿ ಕಳೆದ ವರ್ಷದ ರಾಗಿ ಕೂಳೆ ಇನ್ನೂ ಇತ್ತು.

ಮೇಸ್ತ್ರಿ ಹತ್ತಿರ ಬಂದು, "ಕಾಂಕ್ರೀಟು ಇನ್ನೂ ಹಸಿ ಐತೆ ಮೇಡಮ್. ತೆಗಿಸ್ಬೇಕು ಅಂದ್ರೆ ಈಗ್ಲೇ ಹೇಳ್ಬುಡಿ," ಎಂದರು.

ತೆಗೆಸಬಹುದಿತ್ತು. ಹುಡುಗಿಯ ತಂದೆಯೂ ಸಲಿಕೆ ನಿಲ್ಲಿಸಿ ನನ್ನ ಮುಖ ನೋಡಿದರು. ಸಿಮೆಂಟು, ಆಳು, ಮತ್ತೆ ಒಂದು ತಿಂಗಳು ಬಾಡಿಗೆ ಮನೆ, ಎಲ್ಲವೂ ಒಟ್ಟಿಗೇ ತಲೆಗೆ ಬಂತು. ತರಗತಿಯಲ್ಲಿ ಅಷ್ಟು ಮಾತಾಡುವ ನನಗೆ ಬಾಯಿ ಬರಲಿಲ್ಲ. ಮೇಸ್ತ್ರಿ ಸ್ವಲ್ಪ ಕಾದು, ಕರಣೆ ತೊಳೆಯಲು ಹೋದರು. ಆವತ್ತಿನ ನಾಚಿಕೆ ಇವತ್ತಿಗೂ ಹೋಗಿಲ್ಲ.

ಆ ಮಳೆಗಾಲ ಅವರ ಹೊಲದ ಒಂದು ಮೂಲೆಯಲ್ಲಿ, ವಾಪಸ್ ಹೋದ ಎರಡು ಲೋಡ್ ಹರಡಿದಷ್ಟು ಜಾಗದಲ್ಲಿ ಮಾತ್ರ ರಾಗಿ ಎದ್ದಿತು. ಉಳಿದ ಕಡೆ ಚೋಟುದ್ದ ಬಂದು ಹಳದಿಯಾಯಿತು. ಯಾಕೆ ಹೀಗಾಯ್ತು ಎಂದು ಕೇಳಿದವರಿಗೆಲ್ಲ ಹುಡುಗಿ, "ನಮ್ ಮಣ್ಣು ಮಿಸ್ ಮನೇಲೈತೆ," ಎನ್ನುತ್ತಿದ್ದಳು. ಹೆಮ್ಮೆಯಿಂದಲೇ ಹೇಳುತ್ತಿದ್ದಳು.