ಸಣ್ಣ ಹರವಿಯ ನೀರು

ಗದಿಗೆಪ್ಪನಿಗೆ ಕರೆಂಟಿನ ಮೇಲೆ ಇದ್ದಷ್ಟು ಭಕ್ತಿ ದೇವರ ಮೇಲೂ ಇರಲಿಲ್ಲ ಎಂದು ಅವನ ಹೆಂಡತಿ ಕಾಶವ್ವ ಹೇಳುತ್ತಿದ್ದಳು. ಹೇಳುವಾಗ ಅವಳ ದನಿಯಲ್ಲಿ ದೂರಿಗಿಂತ ಹೆಮ್ಮೆಯೇ ಹೆಚ್ಚಿರುತ್ತಿತ್ತು. ಇಪ್ಪತ್ತು ವರ್ಷ ಮುಂಬಯಿಯ ಬಟ್ಟೆ ಗಿರಣಿಯಲ್ಲಿ ವೈರ್‌ಮನ್ ಆಗಿದ್ದವನು ಅವನು. ಎಂಬತ್ತೆರಡರ ಮುಷ್ಕರದಲ್ಲಿ ಗಿರಣಿಯ ಬಾಗಿಲು ಮುಚ್ಚಿದಾಗ ದಾದರಿನ ಚಾಳಿನ ಅರ್ಧಕ್ಕರ್ಧ ಜನ ಗಂಟುಮೂಟೆ ಕಟ್ಟಿ ಊರಿಗೆ ಹೋದರು. ಗದಿಗೆಪ್ಪ ಹೋಗಲಿಲ್ಲ. ವಿಜಾಪುರದ ಕಡೆಯ ಅವನ ಹಳ್ಳಿಗೆ ಆಗ ಕಂಬಗಳು ಬಂದಿದ್ದವು, ಕರೆಂಟು ಬಂದಿರಲಿಲ್ಲ. ಅಂಥ ಊರಲ್ಲಿ ವೈರ್‌ಮನ್ ಏನು ಮಾಡಬೇಕು, ಕಂಬ ಎಣಿಸುತ್ತ ಕೂಡಬೇಕೇ?

ಪುಣ್ಯಕ್ಕೆ ಪವಾಯಿ ಕೆರೆಯ ಹಿಂದಿನ ಗುಡ್ಡದ ಇಳಿಜಾರಿನಲ್ಲಿ ಒಬ್ಬ ಸೇಠನ ವಾಡಿ ಕಾಯುವ ಕೆಲಸ ಸಿಕ್ಕಿತು. ಮೂರು ಎಕರೆ ಜಾಗ, ಹಳೆಯ ಬಂಗಲೆ, ಒಂದಷ್ಟು ಮಾವಿನ ಮರ, ಗೇಟಿನ ಪಕ್ಕ ಗಂಡಹೆಂಡಿರಿಗೊಂದು ಖೋಲಿ. ಮಕ್ಕಳಿಲ್ಲದ ಇಬ್ಬರಿಗೆ ಅಷ್ಟು ಸಾಕಾಗಿತ್ತು. ಖೋಲಿಯ ಹಿಂದೆ ಒಂದು ಸಿಹಿನೀರಿನ ಬಾವಿಯಿತ್ತು. ಚಾಳಿನಲ್ಲಿ ಹನ್ನೆರಡು ವರ್ಷ ಬೆಳಗಿನ ನಾಲ್ಕಕ್ಕೆದ್ದು ನಳದ ಮುಂದೆ ಪಾಳಿ ಹಚ್ಚಿದ್ದ ಕಾಶವ್ವ ಆ ಬಾವಿಯನ್ನು ಕಂಡ ದಿನ ಅದರ ಕಟ್ಟೆಯ ಮೇಲೆ ಕುಳಿತು ಅತ್ತಳಂತೆ. ಆಮೇಲೆ ಅವಳ ದೊಡ್ಡಸ್ತಿಕೆಯೆಲ್ಲ ಆ ಬಾವಿಯೇ ಆಯಿತು. ಗುಡ್ಡದ ಕೆಳಗೆ ಕಲ್ಲುಗಣಿಯಲ್ಲಿ ದುಡಿಯುವವರ ಗುಡಿಸಲುಗಳಿದ್ದವು. ಅಲ್ಲಿಂದ ಹನುಮವ್ವ ಮತ್ತು ಅವಳ ಓರಗೆಯ ಹೆಂಗಸರು ನೀರಿಗೆ ಬರುತ್ತಿದ್ದರು. ಕಾಶವ್ವ ಯಾರನ್ನೂ ಬರಿಗೊಡದಲ್ಲಿ ಕಳಿಸಿದವಳಲ್ಲ.

ವಾಡಿಯಲ್ಲಿ ಸಿನಿಮಾ ಶೂಟಿಂಗ್ ಮೊದಲಿನಿಂದಲೂ ಇತ್ತು. ಆದರೆ ತೊಂಬತ್ತೊಂದರ ಸುಮಾರಿಗೆ ಹೊಸದೊಂದು ಸಂಗತಿ ಶುರುವಾಯಿತು. ನಟನಟಿಯರು ಬಂಗಲೆಯ ಕೋಣೆ ಬೇಡವೆಂದು ತಮ್ಮ ಕೋಣೆಯನ್ನು ತಾವೇ ಚಕ್ರದ ಮೇಲೆ ತರತೊಡಗಿದರು. ಉದ್ದನೆಯ ವ್ಯಾನು, ಒಳಗೆ ಹಾಸಿಗೆ, ಎ.ಸಿ., ಬಲ್ಬುಗಳ ಸಾಲಿನ ಕನ್ನಡಿ, ಮೂಲೆಯಲ್ಲಿ ಸಂಡಾಸು. ಮೊದಲ ವ್ಯಾನನ್ನು ತಂದವನು ಮಂಗಳೂರು ಕಡೆಯ ಅಣ್ಣು ಎಂಬ ಡ್ರೈವರ್. ಗದಿಗೆಪ್ಪನ ಬಾಯಲ್ಲಿ ಕನ್ನಡ ಕೇಳಿದ್ದೇ ತಡ, ಅವನು ಸೀಟಿನಿಂದ ಹಾರಿ ಇಳಿದ.

"ನಮಗೆ ಎರಡೇ ಬೇಕಾದ್ದು ಗದಿಗೆಪ್ಪಣ್ಣ," ಎಂದ ಅಣ್ಣು. "ಒಳಗೆ ಹೋಗ್ಲಿಕ್ಕೆ ಕರೆಂಟು, ಹೊರಗೆ ಬಂದದ್ದಕ್ಕೆ ಜಾಗ. ಎರಡನೆಯದ್ದು ಎಲ್ಲಿಯೂ ಸಿಗುದಿಲ್ಲ ಮಾರಾಯ್ರೆ."

ಮೊದಲನೆಯದಕ್ಕೆ ಗದಿಗೆಪ್ಪ ಮದುವೆಮನೆಯ ಯಜಮಾನನ ಹಾಗೆ ಓಡಾಡಿದ. ಮಾವಿನ ಮರದ ಕೆಳಗೆ ಕಂಬ ನೆಟ್ಟು ಹಲಗೆ ಕೂರಿಸಿದ. ಮೇನ್ ಸ್ವಿಚ್ಚು, ಫ್ಯೂಸು, ಮಳೆ ತಾಗದಂತೆ ಮೇಲೊಂದು ತಗಡಿನ ಮಾಡು. ಯಾರೂ ತುಳಿಯಬಾರದೆಂದು ವೈರನ್ನು ಬಿದಿರಿನ ಮೇಲೆ ಎತ್ತಿ ಒಯ್ದ. ಎಲ್ಲಕ್ಕಿಂತ ಅವನ ಜೀವವಿದ್ದದ್ದು ಅರ್ಥಿಂಗಿನಲ್ಲಿ. ಆಳುದ್ದದ ಗುಂಡಿ ತೋಡಿ, ಕೊಳವೆ ಇಳಿಸಿ, ಸುತ್ತ ಒಂದು ಪದರ ಇದ್ದಿಲು ಒಂದು ಪದರ ಉಪ್ಪು ತುಂಬಿದ. ಆಮೇಲೆ ಬಲ್ಬಿನ ಒಂದು ತಂತಿಯನ್ನು ಲೈನಿಗೂ ಇನ್ನೊಂದನ್ನು ಆ ಕೊಳವೆಗೂ ಹಿಡಿದ. ಬಲ್ಬು ಝಗ್ಗನೆ ಹತ್ತಿತು.

"ನೋಡು," ಎಂದ ಕಾಶವ್ವನಿಗೆ. "ಯಾವ ಮೂಲ್ಯಾಗ ಕರೆಂಟ್ ಸೋರಿದ್ರೂ ಈ ದಾರಿ ಹಿಡಿದು ಭೂಮಿಗೆ ಇಳೀತೈತಿ. ಯಾರಿಗೂ ಹೊಡಿಯಂಗಿಲ್ಲ. ಭೂಮಿಗೆ ಕೊಟ್ಟದ್ದು ಅಲ್ಲಿಗೆ ಮುಗೀತು."

ಅರ್ಥಿಂಗಿನ ಗುಂಡಿ ಒಣಗಬಾರದು, ಒಣಗಿದರೆ ಭೂಮಿ ಕರೆಂಟನ್ನು ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಕಾಶವ್ವ ದಿನಾ ಮುಂಜಾನೆ ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಬಾವಿಯ ಒಂದು ಕೊಡ ನೀರು ತಂದು ಅದಕ್ಕೆ ಸುರಿಯುತ್ತಿದ್ದಳು. ಗಂಡ ಹೇಳಿದ್ದು ಒಂದು ಕೊಡ ಎಂದಮೇಲೆ ಅವಳ ಲೆಕ್ಕದಲ್ಲಿ ಮುಕ್ಕಾಲು ಕೊಡ ಇರುತ್ತಿರಲಿಲ್ಲ.

ಎರಡನೆಯದರ ವಿಷಯ ಬಂದಾಗ ಗದಿಗೆಪ್ಪ ಮೂಗಿಗೆ ಟವೆಲ್ಲು ಹಿಡಿದ. ಹೊಲಸಿನ ಹತ್ತಿರ ಸುಳಿಯುವುದು ತನ್ನ ಕೆಲಸವಲ್ಲ ಎಂದು ಅವನ ತಲೆಯಲ್ಲಿ ಎಂದೋ ಕೂತುಬಿಟ್ಟಿತ್ತು. ತನ್ನ ಹಲಗೆಯ ಒಂದೊಂದು ತಿರುಪನ್ನೂ ಮೂರು ಸಲ ಬಿಗಿ ಮಾಡಿ ನೋಡುವ ಮನುಷ್ಯ, ವ್ಯಾನಿನ ಹೊಟ್ಟೆಯ ಕೆಳಗಿನ ಸಂಡಾಸಿನ ಟಾಂಕಿಯತ್ತ ಒಮ್ಮೆಯೂ ಬಗ್ಗಿ ನೋಡಲಿಲ್ಲ. ವಾಡಿಯ ಮೇಲ್ಭಾಗದಲ್ಲಿ ನೀರು ಬತ್ತಿದ ಹಳೆಯ ಹಾಳುಬಾವಿಯೊಂದಿತ್ತು. ಅತ್ತ ಕೈ ತೋರಿಸಿ, "ಅದರಾಗ ಬಿಡು, ಮ್ಯಾಲ ತಗಡು ಎಳಿ," ಎಂದ. ಅಣ್ಣು ಪೈಪು ಇಳಿಬಿಟ್ಟಾಗ ಇವನು ಬೆನ್ನು ತಿರುಗಿಸಿ ಬೀಡಿ ಹಚ್ಚಿದ.

ಸಂಜೆ ಕಾಶವ್ವ ರೊಟ್ಟಿ ಬಡಿಯುತ್ತ ಮೆಲ್ಲಗೆ ಕೇಳಿದಳು. "ಆ ಹಾಳಬಾವಿ ಮ್ಯಾಲ ಐತಿ, ನಮ್ಮ ಬಾವಿ ಕೆಳಗ ಐತಿ. ನೀರಿಗೆ ಏನೂ ಆಗಂಗಿಲ್ಲೇನ್ರಿ?"

"ನಡುವ ಎಷ್ಟು ನೆಲ ಐತಿ ನೋಡೀಯೇನು? ಕರೆಂಟಿನಂಥಾ ಕರೆಂಟ್ ನುಂಗತೈತಿ ಭೂಮಿ. ಇದನ್ನ ನುಂಗಂಗಿಲ್ಲಾ?"

ಕಾಶವ್ವ ಇನ್ನೊಂದು ರೊಟ್ಟಿ ಹಂಚಿಗೆ ಹಾಕಿದಳು. ಕರೆಂಟಿನ ವಿಷಯದಲ್ಲಿ ಗಂಡನ ಮಾತು ಒಮ್ಮೆಯೂ ಸುಳ್ಳಾಗಿದ್ದನ್ನು ಅವಳು ಕಂಡಿರಲಿಲ್ಲ. ಇದೂ ಅದರ ತಮ್ಮನೋ ತಂಗಿಯೋ ಇರಬೇಕೆಂದು ನಂಬಿದಳು.

ಒಂದಿದ್ದ ವ್ಯಾನು ಮೂರಾದವು. ಗದಿಗೆಪ್ಪನ ಹಲಗೆಯ ಹೆಸರು ಸ್ಟುಡಿಯೋಗಳವರೆಗೆ ಹೋಯಿತು. ಇಲ್ಲಿ ವ್ಯಾನಿನ ಮೈ ಮುಟ್ಟಿದರೆ ಜುಮ್ ಅನ್ನುವುದಿಲ್ಲ ಎಂದು ಮೇಕಪ್ಪಿನವರೇ ಹೇಳುತ್ತಿದ್ದರು. ಅಂಥ ಮಾತು ಕೇಳಿದ ದಿನ ಅವನು ಎರಡು ರೊಟ್ಟಿ ಹೆಚ್ಚು ತಿನ್ನುತ್ತಿದ್ದ. ತೊಂಬತ್ತೆರಡರ ಮಳೆಗಾಲ ಬಂತು, ಒಂದೇ ಸಮನೆ ಹೊಡೆಯಿತು. ಬಾವಿ ಕೈಗೆಟಕುವಷ್ಟು ತುಂಬಿತು. ಮಳೆ ಸ್ವಲ್ಪ ಹಿಂದೆಗೆದ ಮೇಲೆ ಒಂದು ದಿನ ಹನುಮವ್ವ ಕೊಡವನ್ನು ಬಾವಿಗೆ ಇಳಿಸಿ, ಎಳೆದು, ಮೂಗಿಗೆ ಹಿಡಿದು, ಅಲ್ಲೇ ಚೆಲ್ಲಿಬಿಟ್ಟಳು.

"ನೀರು ನಾರತೈತಿ ಕಾಶಕ್ಕ."

ಗದಿಗೆಪ್ಪ ಖೋಲಿಯಿಂದ ಹೊರಗೆ ಬಂದ. "ಎಲಿ ಬಿದ್ದು ಕೊಳೆತಾವ, ಮಳಿಗಾಲದಾಗ ಇದ್ದದ್ದ. ನಾನೂ ಇದನ್ನ ಕುಡೀತೇನಿ. ನನಗೇನಾಗೇತಿ ಹೇಳು?"

ಹನುಮವ್ವ ಬರಿಗೊಡ ಎತ್ತಿಕೊಂಡು ಗುಡ್ಡ ಇಳಿದಳು. ಮರುದಿನದಿಂದ ಅವಳೂ ಬರಲಿಲ್ಲ, ಉಳಿದವರೂ ಬರಲಿಲ್ಲ. ಗಣಿಯ ರಸ್ತೆಯ ಮುನಿಸಿಪಾಲಿಟಿ ನಳಕ್ಕೆ ಹೋಗತೊಡಗಿದರು. ಬಾವಿಕಟ್ಟೆ ಬಿಕೋ ಎಂದಿತು. ಕಾಶವ್ವನಿಗೆ ಅದೇ ದೊಡ್ಡ ಸಂಕಟವಾಯಿತು ಎಂದು ಗದಿಗೆಪ್ಪ ತಿಳಿದಿದ್ದ. ಅವಳು ಸಂಜೆಯ ಹೊತ್ತು ಬಗಲಲ್ಲಿ ಕೊಡವಿಟ್ಟುಕೊಂಡು ಗುಡ್ಡ ಇಳಿದು ಹನುಮವ್ವನ ಗುಡಿಸಲಿಗೆ ಹೋಗಿ ಬರುತ್ತಿದ್ದುದನ್ನು ಅವನು ನೋಡಿದ್ದ. ಗೆಳತಿಯರನ್ನು ಬಿಟ್ಟಿರಲಾರದೆ ಹೋಗುತ್ತಾಳೆ ಅಂದುಕೊಂಡ. ಹರಟೆಗೆ ಹೋಗುವವಳಿಗೆ ಕೊಡ ಯಾಕೆ ಎಂದು ಅವನ ಬುದ್ಧಿಗೆ ಹೊಳೆಯಲಿಲ್ಲ.

ಖೋಲಿಯ ಮೂಲೆಯಲ್ಲಿ ಕುಡಿಯುವ ನೀರಿನ ಎರಡು ಮಣ್ಣಿನ ಹರವಿಗಳಿದ್ದವು, ಒಂದು ದೊಡ್ಡದು, ಒಂದು ಸಣ್ಣದು. ಗದಿಗೆಪ್ಪ ಊಟಕ್ಕೆ ಕುಳಿತಾಗ ಅವಳು ಸಣ್ಣ ಹರವಿಯಿಂದಲೇ ಅವನಿಗೆ ನೀರು ಬಗ್ಗಿಸಿ ಕೊಡುತ್ತಿದ್ದಳು. ಒಮ್ಮೆ ಅವನು ತಾನೇ ಎದ್ದು ದೊಡ್ಡ ಹರವಿಗೆ ಕೈ ಹಾಕಿದಾಗ, "ಸಣ್ಣದರಾಗ ತಂಪು ಇರತಾವ," ಎಂದು ಅವನ ಕೈಯಿಂದ ತಂಬಿಗೆ ಇಸಿದುಕೊಂಡಳು.

ಅಕ್ಟೋಬರಿನಲ್ಲಿ ಅವಳಿಗೆ ಅನ್ನ ಸೇರದಾಯಿತು. ವಾಕರಿಕೆ, ಜ್ವರ, ಆಮೇಲೆ ಕಣ್ಣು ಅರಿಸಿನದಂತೆ ಹಳದಿ. ಧಾರಾವಿಯಲ್ಲಿ ಬೇರಿನ ಔಷಧ ಕೊಡುವವನೊಬ್ಬನಿದ್ದಾನೆಂದು ಗದಿಗೆಪ್ಪ ಅವಳನ್ನು ಲೋಕಲ್ ರೈಲಿನಲ್ಲಿ ಕರೆದೊಯ್ದು ತಂದ. ವಾರವೊಂದು ಹಾಗೆ ಹಾಳಾಯಿತು. ದೊಡ್ಡ ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ಅವಳು ಮಾತಿನ ನಡುವೆಯೇ ನಿದ್ದೆಗೆ ಜಾರುತ್ತಿದ್ದಳು.

ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನವರು, ಮರಾಠಿಯಲ್ಲಿ ಕೇಳಿದರು. ಕುಡಿಯಲು ಯಾವ ನೀರು? ಬಾವಿಯದು. ಕುದಿಸುತ್ತೀರಾ? ಇಲ್ಲ. ಹತ್ತಿರದಲ್ಲಿ ಸಂಡಾಸಿನ ಗುಂಡಿ ಏನಾದರೂ ಇದೆಯೇ? ಇದೆ, ಆದರೆ ದೂರ ಎಂದ ಗದಿಗೆಪ್ಪ. ಹೊಲಸು ಸೇರಿದ ನೀರಿನಿಂದಲೇ ಈ ಕಾಮಾಲೆ ಬರುವುದು, ಈಗ ಲಿವರ್ ಪೂರಾ ಕೆಟ್ಟಿದೆ ಎಂದರು ಡಾಕ್ಟರು.

ಆಗ ಗದಿಗೆಪ್ಪ ಎದ್ದು ನಿಂತ. ಅವನಿಗೆ ವಾದ ಗೆಲ್ಲುವುದು ಬೇಕಿರಲಿಲ್ಲ. ಹೆಂಡತಿಯ ಈ ಸ್ಥಿತಿಗೆ ತಾನು ಕಾರಣವಲ್ಲ ಎಂದು ಯಾರಾದರೂ ಹೇಳಬೇಕಿತ್ತು, ಅಷ್ಟೇ. "ಡಾಕ್ಟರ್‌ಸಾಹೇಬ್, ಒಂದೇ ಬಾವಿ, ಒಂದೇ ಮನೆ. ನಾನೂ ದಿನಾ ಅದೇ ನೀರು ಕುಡಿಯುತ್ತೇನೆ. ನನ್ನ ಕಣ್ಣು ನೋಡಿ," ಎಂದು ಮರಾಠಿಯಲ್ಲಿ ಅಂಗಲಾಚಿದ. ಡಾಕ್ಟರು ಅವನ ರೆಪ್ಪೆ ಎಳೆದು ನೋಡಿದರು. ಬೆಳ್ಳಗಿತ್ತು. ಕೆಲವರಿಗೆ ಬರುತ್ತದೆ, ಕೆಲವರಿಗೆ ಬರುವುದಿಲ್ಲ ಎಂದು ಮುಂದಿನ ಹಾಸಿಗೆಗೆ ಹೋದರು.

ಕಾಶವ್ವ ಎಚ್ಚರವಿದ್ದಳು. ಇದೆಲ್ಲ ಅವಳ ಕಿವಿಗೆ ಬಿದ್ದಿತ್ತು. ಗಂಡನ ಮುಖವನ್ನು ಒಂದು ಗಳಿಗೆ ನೋಡಿ, ಏನೋ ಹೇಳಲು ತುಟಿ ತೆರೆದಳು.

"ನೀರಿಂದ ಅಲ್ಲ ಬಿಡ್ರಿ," ಎಂದಳು ಕೊನೆಗೆ. "ನನ್ನ ದೇಹನ ಹಂಗ ಐತಿ. ನೀವು ಊಟ ಮಾಡೀರಿಲ್ಲೋ?"

ಒಂಬತ್ತನೆಯ ದಿನ ಅವಳು ತೀರಿಕೊಂಡಳು. ಧಾರಾವಿಯಿಂದ ಊರಿನ ಕಡೆಯ ನಾಲ್ಕು ಜನ ಬಂದರು, ಜಂಗಮರೊಬ್ಬರು ಬಂದರು. ಲಿಂಗವಂತರ ಪದ್ಧತಿಯಂತೆ ಅವಳನ್ನು ಕುಳ್ಳಿರಿಸಿ, ವಿಭೂತಿ ಹಚ್ಚಿ, ಮಣ್ಣು ಮಾಡಿದರು. ಮೊದಲ ಹಿಡಿ ಮಣ್ಣು ಹಾಕು ಎಂದಾಗ ಗದಿಗೆಪ್ಪ ಹಿಡಿದ ಮಣ್ಣನ್ನು ಬಿಡಲಿಲ್ಲ. ಭೂಮಿಗೆ ಕೊಟ್ಟದ್ದು ಅಲ್ಲಿಗೆ ಮುಗೀತು ಎಂದು ಸಾವಿರ ಸಲ ಹೇಳಿದವನ ಮುಷ್ಟಿಯನ್ನು ಬೇರೆಯವರು ಬಿಡಿಸಬೇಕಾಯಿತು.

ಐದನೆಯ ದಿನದ ಸಂಜೆ ಹನುಮವ್ವ ಬಂದಳು. ಬಗಲಲ್ಲಿ ಕೊಡವಿತ್ತು. ಮೂಲೆಯಲ್ಲಿ ಗೋಡೆಗೆ ಒರಗಿ ಕುಳಿತಿದ್ದ ಗದಿಗೆಪ್ಪನನ್ನು ಮಾತಾಡಿಸದೆ ನೇರವಾಗಿ ಒಳಗೆ ಬಂದು, ಸಣ್ಣ ಹರವಿಯನ್ನು ತೊಳೆದು, ಅದಕ್ಕೆ ನೀರು ಸುರಿದು, ಮೇಲೆ ತಟ್ಟೆ ಮುಚ್ಚಿದಳು.

"ಇದೇನವ್ವ? ಬಾವಿ ಐತೆಲ್ಲ."

"ಕಾಶಕ್ಕ ದವಾಖಾನಿಗೆ ಹೋಗೂ ಮುಂದ ಹೇಳಿ ಹೋಗ್ಯಾಳಣ್ಣ. ಅವರ ನೀರು ತಪ್ಪಿಸಬ್ಯಾಡ ಅಂತ."

"ನನ್ನ ನೀರು?"

ಹನುಮವ್ವ ಸೆರಗಿನಿಂದ ಕೈ ಒರೆಸಿಕೊಂಡಳು. ಅವನಿಗೆ ಗೊತ್ತೇ ಇಲ್ಲವೆಂದು ಅವಳಿಗೆ ಆಗ ತಿಳಿದಿರಬೇಕು. "ಬಾವಿ ನೀರು ಕೆಟ್ಟಾಗಿಂದ ನಿನಗಂತ ದಿನಾ ಒಂದು ಕೊಡ ನಮ್ಮ ನಳದಿಂದ ಒಯ್ಯತಿದ್ದಳು. ನಳದಾಗ ನಮ್ಮ ಪಾಲಿಗೆ ಬರೂದ ಮೂರು ಕೊಡ. ಅದರಾಗ ಒಂದು ಕೊಟ್ಟರ ಅದ ಹೆಚ್ಚು. ನೀನೂ ಇದನ್ನ ಕುಡಿಯಕ್ಕ ಅಂದೆ. ಒಂದು ಕೊಡ ಇಬ್ಬರಿಗೆ ಸಾಲಂಗಿಲ್ಲ, ಎರಡು ಸಲ ಗುಡ್ಡ ಏರಾಕ ಆಗಂಗಿಲ್ಲ, ನನಗ ಬಾವಿದು ನಡೀತೈತಿ ಅಂದಳು."

"ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ಕುಡೀತಿದ್ದೇನು? ಬಾವಿ ನೀರು ಚಲೋ ಐತಿ ಅಂತ ಊರಿಗೆಲ್ಲ ಸಾರಿದವನು ನೀನ. ನಿನ್ನ ಮಾತು ಸುಳ್ಳು ಮಾಡಬಾರದಂತ ಬಾಯಿ ಬಿಡಲಿಲ್ಲ ಆಕಿ."

ಹನುಮವ್ವ ಹೋದ ಮೇಲೆ ಗದಿಗೆಪ್ಪ ಸಣ್ಣ ಹರವಿಯ ಮುಂದೆ ಎಷ್ಟು ಹೊತ್ತು ಕುಳಿತನೋ. ಹನುಮವ್ವ ಕೊಡ ಚೆಲ್ಲಿದ ಮರುದಿನದಿಂದ ಆ ಬಾವಿಯ ನೀರಿನ ಒಂದು ಗುಟುಕೂ ಅವನ ಹೊಟ್ಟೆಗೆ ಹೋಗಿರಲಿಲ್ಲ. ಡಾಕ್ಟರರ ಮುಂದೆ, ತನ್ನ ಮನಸ್ಸಿನ ಮುಂದೆ ಅವನು ಇಟ್ಟಿದ್ದ ಸಾಕ್ಷಿ ಒಂದೇ, ತನ್ನ ಗಟ್ಟಿಮುಟ್ಟಾದ ಮೈ. ಆ ಮೈಯನ್ನು ಕಾಶವ್ವ ದಿನಾ ಗುಡ್ಡ ಹತ್ತಿ ಹೊತ್ತು ತಂದ ನೀರು ಕಾಪಾಡಿತ್ತು. ಅವನು ಹರವಿಯನ್ನು ತಬ್ಬಿಕೊಂಡು ಬಾಯಿಬಿಟ್ಟು ಅತ್ತ. ಕೇಳುವವರು ಯಾರೂ ಇರಲಿಲ್ಲ.

ಮುಂದಿನ ವಾರ ಅಣ್ಣು ವ್ಯಾನು ತಂದಾಗ ಹಲಗೆಯ ಫ್ಯೂಸುಗಳು ಇರಲಿಲ್ಲ. ಗದಿಗೆಪ್ಪ ಮೇಲೆ ಹಾಳುಬಾವಿಯ ಹತ್ತಿರ, ಮೂಗಿಗೆ ಏನೂ ಕಟ್ಟಿಕೊಳ್ಳದೆ, ಬುಟ್ಟಿಯಲ್ಲಿ ಮಣ್ಣು ಹೊತ್ತು ಹೊತ್ತು ತಂದು ಸುರಿಯುತ್ತಿದ್ದ.

"ಎಂತ ಗದಿಗೆಪ್ಪಣ್ಣ ಇದು? ನಾವು ಇನ್ನು ಎಲ್ಲಿಗೆ ಹೋಗುದು?"

"ನಾನು ಬಗ್ಗಿ ನೋಡಬೇಕಿತ್ತೋ ತಮ್ಮಾ," ಎಂದ ಗದಿಗೆಪ್ಪ. "ಒಂದು ಸಲಾನೂ ನೋಡಲಿಲ್ಲ." ಅಣ್ಣು ಇನ್ನೊಂದು ಬುಟ್ಟಿ ಎತ್ತಿಕೊಂಡ.

ವ್ಯಾನುಗಳನ್ನು ತಿರುಗಿಸಿ ಕಳಿಸಿದ್ದಕ್ಕೆ ಸೇಠ್ ಅವನನ್ನು ಕೆಲಸದಿಂದ ತೆಗೆದ. ಹೊರಡುವಾಗ ಗದಿಗೆಪ್ಪ ಆ ಸಣ್ಣ ಹರವಿಯೊಂದನ್ನು ಟವೆಲ್ಲಿನಲ್ಲಿ ಸುತ್ತಿ ಒಯ್ದ. ಧಾರಾವಿಯಲ್ಲಿ ಊರ ಕಡೆಯವರ ಗಲ್ಲಿಯಲ್ಲಿ ಇದ್ದುಕೊಂಡು ಮನೆಮನೆಗೆ ವೈರಿಂಗ್ ಮಾಡುತ್ತ ದಿನ ತಳ್ಳಿದ. ಕೆಲಸ ಅದೇ ಅಚ್ಚುಕಟ್ಟು, ಅರ್ಥಿಂಗು ಅದೇ ನಿಯತ್ತು. ಆದರೆ ಯಾವ ಮನೆಯಲ್ಲಿ ನೀರು ಕೊಟ್ಟರೂ ಅವನು ಲೋಟವನ್ನು ಕೈಯಲ್ಲೇ ಹಿಡಿದು ಆ ಮನೆಯ ಹೆಣ್ಣುಮಗಳನ್ನು ಕೇಳುತ್ತಿದ್ದ, "ನೀನೂ ಇದನ್ನ ಕುಡೀತೀಯೇನವ್ವ?" ಮತ್ತೆ ಬೇರೆ ನೀರು ಎಲ್ಲಿಂದ ಬರಬೇಕು ಎಂದು ಅವರು ನಗುತ್ತಿದ್ದರು. ಅವನು ನಗುತ್ತಿರಲಿಲ್ಲ. ಆ ಹೆಣ್ಣುಮಗಳು ತನ್ನ ಮನೆಯ ಅದೇ ಹರವಿಯಿಂದ ಬಗ್ಗಿಸಿಕೊಂಡು ಒಂದು ಗುಟುಕು ಕುಡಿಯುವುದನ್ನು ಕಣ್ಣಾರೆ ನೋಡುವ ತನಕ ಲೋಟವನ್ನು ತುಟಿಗೆ ತರುತ್ತಿರಲಿಲ್ಲ.