ಅಬ್ಬಾನ ಮೂಗಿನ ಸಾಲಿ

ಗಂಗಾವತಿಯ ಅಕ್ಕಿ ಮಿಲ್ಲುಗಳ ಓಣಿಯಲ್ಲಿ ನಮ್ಮ ಅಬ್ಬಾನ ಹೆಸರು ಹೇಳಿದರೆ ಜನ ತಮ್ಮ ಮೂಗು ಮುಟ್ಟಿ ತೋರಿಸುತ್ತಿದ್ದರು. ಮಕ್ಬುಲಸಾಬ ಅಂದರೆ ಮೂಗು, ಅಷ್ಟೇ. ಮೂವತ್ತೊಂದು ವರ್ಷ ಒಂದೇ ಮಿಲ್ಲಿನಲ್ಲಿ ಅವರದು ಒಂದೇ ಕೆಲಸ. ರೈತರು ತಂದ ಭತ್ತ ಕೊಳ್ಳಬಹುದೋ ಬಾರದೋ ಹೇಳುವುದು. ಚೀಲಕ್ಕೆ ಕಬ್ಬಿಣದ ಕೊಳವೆ ಚುಚ್ಚಿ ಒಂದು ಹಿಡಿ ಕಾಳು ತೆಗೆದು, ಅಂಗೈಯಲ್ಲಿ ತಿಕ್ಕಿ, ಮೂಗಿಗೆ ಹಿಡಿಯುತ್ತಿದ್ದರು. ಆ ಹೊತ್ತಿನಲ್ಲಿ ಯಾರೂ ಮಾತಾಡುವಂತಿರಲಿಲ್ಲ. ಹಮಾಲರು ಹೊತ್ತ ಚೀಲ ಹೊತ್ತಂತೆಯೇ ನಿಲ್ಲುತ್ತಿದ್ದರು. ಮಿಲ್ಲಿನ ಮಾಲೀಕ ಸಾವಕಾರರೂ ಫೋನು ಕೆಳಗಿಡುತ್ತಿದ್ದರು. ಅಬ್ಬಾ ಕೈ ಇಳಿಸಿ ‘ಛಲೋ ಐತಿ’ ಅಂದರೆ ಚೀಲ ಒಳಗೆ ಹೋಯಿತು, ‘ಮುಗ್ಗು’ ಅಂದರೆ ಗಾಡಿ ಬಂದ ದಾರಿ ಹಿಡಿಯಿತು.

ಮುಗ್ಗು ಅಂದರೆ ನೀರು ತಾಗಿದ ಭತ್ತಕ್ಕೆ ಹತ್ತುವ ವಾಸನೆ. ಅದು ನಮ್ಮ ನಿಮ್ಮ ಮೂಗಿಗೆ ಗೊತ್ತಾಗುವ ಹೊತ್ತಿಗೆ ಚೀಲವೇ ಕೆಟ್ಟು ಪಕ್ಕದ ಹತ್ತು ಚೀಲಗಳನ್ನೂ ಕೆಡಿಸಿರುತ್ತದೆ. ಹತ್ತಿಯೂ ಹತ್ತದಂತಿರುವಾಗಲೇ ಅದನ್ನು ಹಿಡಿಯುವ ಮೂಗು ಆ ಓಣಿಯಲ್ಲಿ ಒಂದೇ ಇತ್ತು. ೨೦೨೦ರ ದೀಪಾವಳಿ ಹೊತ್ತಿಗೆ ಅದು ಹೋಯಿತು.

ನಾನು ಮುಬಾಶಿರಾ, ಅವರ ಒಬ್ಬಳೇ ಮಗಳು. ಖಾಸಗಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಇದನ್ನು ನಾನೇ ಮೊದಲು ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ನಮ್ಮಮ್ಮ ಅಬೇದಾಬಿ ಹೇಳುತ್ತಾಳೆ. ನಮ್ಮ ಮನೆಯಲ್ಲಿ ಉರ್ದುವಿನಲ್ಲಿ ಶುರುವಾದ ಮಾತು ಕನ್ನಡದಲ್ಲಿ ಮುಗಿಯುತ್ತದೆ. ಇಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಬರೆದಿದ್ದೇನೆ.

ಅಬ್ಬಾ ಹದಿನೇಳು ದಿನ ಹಿಂದಿನ ಕೋಣೆಯಲ್ಲಿ ಕೊರೊನಾ ಜ್ವರ, ಕೆಮ್ಮು ಅಂತ ಮಲಗಿದ್ದು ಎದ್ದರು. ಜೀವ ಉಳಿಯಿತಲ್ಲ ಅಂತ ಅಮ್ಮ ದರ್ಗಾಕ್ಕೆ ಸಕ್ಕರೆ ಹರಕೆ ಹೊತ್ತಳು. ಮಿಲ್ಲಿನ ತಿರುಪತಿ ಸಾವಕಾರರು ಫೋನು ಮಾಡಿ, ‘ಗಡಿಬಿಡಿ ಮಾಡಬ್ಯಾಡ್ರಿ, ಸಂಕ್ರಾಂತಿ ಮುಗಿಸ್ಕೊಂಡು ಬರ್ರಿ, ಆದ್ರ ಬರಾಕಬೇಕು, ಈ ಸಲ ನಾನು ಕಣ್ಣಿಲೇ ನೋಡಿ ತಗೊಂಡು ಭಾಳ ಲುಕ್ಸಾನ ಆಗೇತಿ’ ಅಂದರು. ಅಬ್ಬಾ ಹೂಂ ಅಂದರು. ಮೂಗಿನ ವಿಷಯ ಹೇಳಲಿಲ್ಲ. ಐವತ್ತೆಂಟನೇ ವಯಸ್ಸಿನಲ್ಲಿ ಅವರಿಗೆ ಗೊತ್ತಿದ್ದ ಕೆಲಸ ಅದೊಂದೇ.

ಒಂದು ದಿನ ಅಮ್ಮ ಒಣಮೆಣಸಿನಕಾಯಿ ಹುರಿಯುತ್ತಿದ್ದಳು. ಘಾಟಿಗೆ ನಾನು ಅಂಗಳಕ್ಕೆ ಓಡಿದೆ. ಹಿಂದಿನಿಂದ ಅಬ್ಬಾ ಕೆಮ್ಮುತ್ತಾ, ಕಣ್ಣೊರೆಸಿಕೊಳ್ಳುತ್ತಾ, ನಗುತ್ತಾ ಬಂದರು.

“ಮುಬ್ಬೂ, ಘಾಟು ಬಡೀತವ್ವಾ ನನಗ. ಮೂಗು ಬಂತು ನೋಡು.”

ಬಾಯಿ ಮುಚ್ಚಿಕೊಂಡು ಇರಬಹುದಿತ್ತು. ನನ್ನಿಂದ ಅದು ಆಗುವುದಿಲ್ಲ. “ಅಬ್ಬಾ, ಘಾಟು ಬ್ಯಾರೆ, ವಾಸನಿ ಬ್ಯಾರೆ. ಕಣ್ಣಾಗ ನೀರು ತರಸೋ ನರಾನ ಬ್ಯಾರೆ ಐತಿ. ಹುರಿದ ಮೆಣಸಿನಕಾಯಿ ವಾಸನಿ ಹೆಂಗೈತಿ ಹೇಳು ನೋಡೂಣು.”

ಅಬ್ಬಾ ಮತ್ತೆ ಒಳಗೆ ಹೋಗಿ ಒಲೆಯ ಮುಂದೆ ನಿಂತರು. ಕೆಮ್ಮಿದರು. ಹೊರಗೆ ಬಂದಾಗ ನಗು ಇರಲಿಲ್ಲ. “ಖಾರ ಐತಿ. ವಾಸನಿ ಇಲ್ಲ” ಅಂದರು. ನನಗೆ ನನ್ನ ನಾಲಗೆಯ ಮೇಲೇ ಸಿಟ್ಟು ಬಂತು.

ಫೋನಿನಲ್ಲಿ ಸಿಕ್ಕ ಡಾಕ್ಟರು ಒಂದು ದಾರಿ ಹೇಳಿದರು. ನಾಲ್ಕು ಬೇರೆ ಬೇರೆ ವಾಸನೆಗಳನ್ನು ದಿನಕ್ಕೆ ಎರಡು ಸಲ, ಮನಸ್ಸಿಟ್ಟು ಮೂಸಬೇಕು. ಮೂಗಿಗೆ ಅಕ್ಷರ ಕಲಿಸಿದಂತೆ ಮೊದಲಿನಿಂದ ಕಲಿಸಬೇಕು. ಬಂದರೆ ಬರುತ್ತದೆ, ಇಂಥ ದಿನ ಅಂತ ಹೇಳಲಾಗುವುದಿಲ್ಲ. ನಮ್ಮ ಶಾಲೆಯೂ ಮುಚ್ಚಿತ್ತು. ಫೋನಿನಲ್ಲಿ ಪಾಠ ಮಾಡಿ, ಆ ಕಡೆ ಯಾರಿದ್ದಾರೋ ಇಲ್ಲವೋ ಗೊತ್ತಾಗದೆ ನನಗೆ ತಲೆ ಕೆಟ್ಟಿತ್ತು. ಈಗ ಅಬ್ಬಾನ ರೂಪದಲ್ಲಿ ಕಣ್ಣೆದುರು ಕೂರುವ ಒಬ್ಬ ವಿದ್ಯಾರ್ಥಿ ಸಿಕ್ಕರು. ಲವಂಗ, ಯಾಲಕ್ಕಿ, ನಿಂಬೆ ಸಿಪ್ಪೆ, ಅತ್ತರು, ನಾಲ್ಕು ಡಬ್ಬಿ. ಕಣ್ಣಿಗೆ ಅಮ್ಮನ ಓಢಣಿ ಕಟ್ಟುವುದು. ಬೆಳಿಗ್ಗೆ ಮಾಳಿಗೆಯ ಬಿಸಿಲಿನಲ್ಲಿ ಒಂದು ಪಾಠ, ಸಂಜೆ ಚಹಾದ ಹೊತ್ತಿಗೆ ಒಂದು. ಅಮ್ಮ ಅದಕ್ಕೆ ಮೂಗಿನ ಸಾಲಿ, ಅಂದರೆ ಮೂಗಿನ ಶಾಲೆ, ಅಂತ ಹೆಸರಿಟ್ಟಳು.

ಸುಗ್ಗಿಯ ಕಾಲದಲ್ಲಿ ಅಬ್ಬಾ ಹಗಲು ಮನೆಯಲ್ಲಿ ಇದ್ದದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಅವರಿಗೂ ಮನೆ ಹೊಸದಾಗಿತ್ತು. “ಈ ಬೆಕ್ಕು ಯಾರದು?” ಅಂತ ಒಂದು ದಿನ ಕೇಳಿದರು. “ನಮ್ಮದ. ನಾಕು ವರ್ಷ ಆತು” ಅಂದಳು ಅಮ್ಮ. ಮಧ್ಯಾಹ್ನ ಮೂವರೂ ನೆಲದ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದು ಕವಡೆ ಹಾಕಿ ಚೌಕಾಬಾರಾ ಆಡುತ್ತಿದ್ದೆವು. ಅಬ್ಬಾ ಮೋಸ ಮಾಡುತ್ತಾರೆ ಅಂತ ಗೊತ್ತಾದದ್ದೇ ಆಗ. ಪಕ್ಕದ ಮನೆಯ ಶಾಂತಕ್ಕ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯನ್ನು ಗೋಡೆಯ ಮೇಲಿಂದ ದಾಟಿಸುತ್ತಿದ್ದಳು. ಜೊತೆಗೆ ಕರ್ಪೂರವೋ ಇಂಗೋ ಒಂದು ಚೂರು ಕಾಗದದಲ್ಲಿ ಸುತ್ತಿ, “ಇದನ್ನಷ್ಟು ಮೂಸಿ ನೋಡ್ರಿ ಅಣ್ಣಾರ” ಅನ್ನುತ್ತಿದ್ದಳು. ಹೀಗೆ ಓಣಿಗೆಲ್ಲ ಅಬ್ಬಾನ ಮೂಗು ಒಂದು ಕುತೂಹಲವಾಯಿತು. ಮಿಲ್ಲಿನವರಿಗೆ ಮಾತ್ರ ಯಾರೂ ಹೇಳಲಿಲ್ಲ.

ಮೂರನೇ ವಾರ ನಾಲ್ಕರಲ್ಲಿ ಎರಡು ಸರಿ ಬಂದವು. ನಾಲ್ಕನೇ ವಾರ ನಾಲ್ಕಕ್ಕೆ ನಾಲ್ಕೂ. ನಾನು ಕುಣಿದಾಡುವುದೊಂದು ಬಾಕಿ. ಮರುದಿನ ಅಮ್ಮ ಶಾಂತಕ್ಕನ ಮನೆಗೆ ಹೋಗಿದ್ದಾಗ ನಾನೊಬ್ಬಳೇ ಪಾಠ ಮಾಡಿದೆ. ಲವಂಗಕ್ಕೆ ನಿಂಬೆ ಅಂದರು, ಅತ್ತರಿಗೆ ಯಾಲಕ್ಕಿ ಅಂದರು. ನನಗೆ ಸಂಶಯ ಬಂತು. ಸಂಜೆ ಅಮ್ಮನನ್ನು ಪಕ್ಕದಲ್ಲೇ ಕೂರಿಸಿಕೊಂಡು, ಡಬ್ಬಿಯ ಮೇಲೆ ಕಣ್ಣಿಡದೆ ಅವಳ ಮೇಲೆ ಇಟ್ಟೆ. ಲವಂಗಕ್ಕೆ ಬಳೆ ಒಂದು ಸಲ ಸದ್ದು ಮಾಡಿತು. ಯಾಲಕ್ಕಿಗೆ ಎರಡು ಸಲ. ನಿಂಬೆಗೆ ಅಮ್ಮನಿಗೆ ಸಣ್ಣ ಕೆಮ್ಮು.

“ಇದೇನು ಚೌಕಾಬಾರಾ ಅಂದ್ಕೊಂಡೀರೇನು?” ಅಂತ ನಾನು ಡಬ್ಬಿ ನೆಲಕ್ಕೆ ಕುಕ್ಕಿದೆ. “ಸಂಕ್ರಾಂತಿಗೆ ಇನ್ನ ಹದಿನೈದು ದಿನ ಐತಿ. ಮಿಲ್ಲಿನಾಗೂ ಅಮ್ಮಗ ಬಳಿ ತೊಡಿಸಿ ನಿಂದ್ರಸ್ತಿಯೇನು?”

ಅಬ್ಬಾ ಓಢಣಿ ಬಿಚ್ಚಿ ಮಡಿಚಿ ತೊಡೆಯ ಮೇಲೆ ಇಟ್ಟುಕೊಂಡರು. “ತಪ್ಪು ಹೇಳಿ ಓಢಣಿ ಬಿಚ್ಚಿದಾಗೆಲ್ಲ ನಿನ್ನ ಮಾರಿ ಸಣ್ಣದಾಗಿರತಿತ್ತವ್ವಾ. ನೋಡಾಕ ಆಗಲಿಲ್ಲ” ಅಂದರು.

ನಾನು ಎದ್ದು ಅಡುಗೆಮನೆಗೆ ಹೋಗಿ ಅತ್ತೆ. ಅಳು ಬಂದಾಗ ಅತ್ತುಬಿಡಬೇಕು, ಅದರಲ್ಲೇನು ನಾಚಿಕೆ. ಆಮೇಲೆ ಮುಖ ತೊಳೆದುಕೊಂಡು ಬೇರೆ ಯೋಚನೆ ಮಾಡಿದೆ. ಮೂಗು ಬರುವಾಗ ಬರಲಿ. ಅಬ್ಬಾನ ಹತ್ತಿರ ಉಳಿದದ್ದು ಏನೇನಿದೆ, ಅದನ್ನು ನೋಡೋಣ.

ಶಾಂತಕ್ಕನ ಮನೆಯಿಂದ ಒಂದು ಬುಟ್ಟಿ ಭತ್ತ ತಂದೆ. ನಮ್ಮ ಕಡೆ ಬಾಯಿಮಾತಿನಲ್ಲಿ ಭತ್ತಕ್ಕೆ ನೆಲ್ಲು ಅನ್ನುತ್ತಾರೆ. ಅಬ್ಬಾ ಒಂದು ಕಾಳನ್ನು ಹಲ್ಲಿಗೆ ಕೊಟ್ಟರು, ‘ಕಟ್’ ಅಂತ ಸದ್ದಾಯಿತು. “ಒಣಗೈತಿ” ಅಂದರು. ಹೇಗೆ ಗೊತ್ತಾಯಿತು ಅಂತ ಕೇಳಿದರೆ ಅವರೇ ಅಚ್ಚರಿಪಟ್ಟರು. ಮೂವತ್ತೊಂದು ವರ್ಷ ಮೂಗಿಗಿಂತ ಮೊದಲು ಹಲ್ಲು ಕೆಲಸ ಮಾಡುತ್ತಿತ್ತು, ಅವರು ಅದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಹಸಿ ಕಾಳು ಹಲ್ಲಿನ ಕೆಳಗೆ ಮೆತ್ತಗೆ ಒತ್ತಿಕೊಳ್ಳುತ್ತದೆ, ಅರೆ ಒಣಗಿದ್ದು ಸೀಳುತ್ತದೆ, ಪೂರ್ತಿ ಒಣಗಿದ್ದು ಮುರಿಯುತ್ತದೆ. ಇನ್ನು ಕೈ. ಒಳಗೆ ಕಾವು ಹಿಡಿದ ಚೀಲಕ್ಕೆ ಮೊಣಕೈತನಕ ಕೈ ತೂರಿಸಿದರೆ ಮಣಿಕಟ್ಟಿಗೆ ಬಿಸಿ ತಿಳಿಯುತ್ತದೆ. ನಾನು ಐದು ಸಣ್ಣ ಚೀಲಗಳಲ್ಲಿ ಐದು ಬಗೆಯ ಭತ್ತ ಇಟ್ಟೆ, ಒಂದಕ್ಕೆ ನೀರು ಚಿಮುಕಿಸಿ ಎರಡು ದಿನ ಕಂಬಳಿ ಸುತ್ತಿಟ್ಟೆ. ಅಮ್ಮನನ್ನು ಬಾಗಿಲ ಹೊರಗೆ ನಿಲ್ಲಿಸಿದೆ. ಅಬ್ಬಾ ಐದನ್ನೂ ಸರಿಯಾಗಿ ಹೇಳಿದರು. ಆ ದಿನ ಅವರು ಎರಡು ಕಪ್ ಚಹಾ ಕೇಳಿ ಕುಡಿದರು.

ಆದರೆ ಜನವರಿ ಮೊದಲ ವಾರ ಹೊತ್ತಲ್ಲದ ಹೊತ್ತಿನಲ್ಲಿ ಮಳೆ ಬಂತು. ಕಣದಲ್ಲಿದ್ದ ಭತ್ತ ಎಷ್ಟೋ ಕಡೆ ತೋಯ್ದಿತು. ತೋಯ್ದ ಭತ್ತವನ್ನು ರೈತ ಹಾಗೇ ತರುವುದಿಲ್ಲ, ಬಿಸಿಲಿಗೆ ಹರವಿ ಒಣಗಿಸಿ ತರುತ್ತಾನೆ. ಅದು ತಣ್ಣಗಿರುತ್ತದೆ, ಹಲ್ಲಿಗೆ ಕಟ್ ಅನ್ನುತ್ತದೆ, ಕಣ್ಣಿಗೂ ಹೊಂಬಣ್ಣವೇ. ಒಳಗೆ ಉಳಿಯುವುದು ವಾಸನೆಯೊಂದೇ. ನಾನು ಮಾಳಿಗೆಯ ಮೇಲೆ ಹಾಗೆ ಒಣಗಿಸಿದ ಭತ್ತವನ್ನು ಒಳ್ಳೆಯದರ ಜೊತೆ ಇಟ್ಟು ಕೇಳಿದೆ. ಅಬ್ಬಾ ಬಹಳ ಹೊತ್ತು ಕೈಯಾಡಿಸಿದರು, ಹತ್ತು ಕಾಳು ಕಡಿದರು. ತಪ್ಪಿದರು. ಇನ್ನೊಮ್ಮೆ ಇಟ್ಟೆ, ಇನ್ನೊಮ್ಮೆ ತಪ್ಪಿದರು. ಕೊನೆಗೆ ನಾನೇ ಬುಟ್ಟಿ ಎತ್ತಿಟ್ಟೆ.

ಸಂಕ್ರಾಂತಿ ಮುಗಿದ ವಾರ ಸಾವಕಾರರ ಫೋನು ಬಂತು. ಅಮ್ಮ ಅವತ್ತೇ ತೀರ್ಮಾನ ಹೇಳಿದಳು.

“ನೀವೇನೂ ಹೇಳಬ್ಯಾಡ್ರಿ. ಹಲ್ಲು ಐತಿ, ಕೈ ಐತಿ. ಮೊದಲಿನಂಗ ಮೂಗಿಗೆ ಹಿಡೀರಿ, ಸುಮ್ಮನ ಕೈ ಇಳಸ್ರಿ. ಯಾರಿಗೆ ತಿಳೀತೈತಿ?”

“ತೋಯ್ದು ಒಣಗಿದ್ದು ಬಂದ್ರ?” ಅಂದರು ಅಬ್ಬಾ.

“ಎಲ್ಲಾ ಗಾಡಿನೂ ತೋಯ್ದಿರೂದಿಲ್ಲ ಬಿಡ್ರಿ.”

ವಿಜ್ಞಾನ ಕಲಿಸುವ ನಾನೂ ಆ ಮಾತಿಗೆ ಹೂಂ ಅಂದೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ, ಆದರೆ ಅಂದದ್ದು ನಿಜ.

ಅಬ್ಬಾನಿಗೆ ಇನ್ನೂ ನಡೆದರೆ ಉಸಿರು ಹತ್ತುತ್ತಿತ್ತು, ಅದಕ್ಕೆ ನಾನೇ ಸ್ಕೂಟಿಯಲ್ಲಿ ಕರೆದುಕೊಂಡು ಹೋದೆ. ಅವರನ್ನು ಬಿಟ್ಟು ಬರುವುದಾಗಲಿಲ್ಲ, ಗಾಡಿ ತೂಗುವ ವೇ ಬ್ರಿಡ್ಜಿನ ಪಕ್ಕ ಮಾಸ್ಕು ಹಾಕಿಕೊಂಡು ನಿಂತೆ. ಹಮಾಲರು ದೂರದಿಂದಲೇ ಸಲಾಂ ಮಾಡಿದರು. ತಿರುಪತಿ ಸಾವಕಾರರು ಖುರ್ಚಿಯಿಂದ ಎದ್ದು, “ಬರ್ರಿ ಬರ್ರಿ, ನೀವಿಲ್ಲದ ನಾನು ಕುರುಡ ಆಗಿದ್ದೆ ನೋಡ್ರಿ” ಅಂದರು.

ಮೊದಲ ಗಾಡಿ ಕಾವು ಹಿಡಿದಿತ್ತು, ಅಬ್ಬಾನ ಕೈ ಅದನ್ನು ಕಂಡುಹಿಡಿಯಿತು. ಎರಡನೆಯದು ಒಳ್ಳೆಯದೇ ಇತ್ತು, ಇನ್ನೂ ಮಳೆ ಬರುವ ಮೊದಲು ಮನೆ ಸೇರಿದ ಭತ್ತ. ಎರಡಕ್ಕೂ ಅವರು ಮಾಸ್ಕು ಇಳಿಸಿ ಹಿಡಿ ಭತ್ತ ಮೂಗಿಗೆ ಹಿಡಿದರು, ಎಲ್ಲರೂ ಸುಮ್ಮನಾದರು, ಅವರು ಹೇಳಿದ್ದಕ್ಕೆ ಎಲ್ಲರೂ ತಲೆಯಾಡಿಸಿದರು. ಅಮ್ಮ ಹೇಳಿದ್ದೇ ಸರಿ ಅನ್ನಿಸತೊಡಗಿತು.

ಮೂರನೆಯದು ಲಕ್ಷ್ಮಣಪ್ಪ ಅನ್ನುವವನ ಟ್ರ್ಯಾಕ್ಟರು. ಕಾಲುವೆಯ ಕೊನೆಯ ಕಡೆಯ ಊರಿನವನು, ಪ್ರತಿ ವರ್ಷ ಇದೇ ಮಿಲ್ಲಿಗೆ ಬರುವವನು. ಅಬ್ಬಾ ಕೈ ತೂರಿಸಿದರು, ಕಾಳು ಕಡಿದರು. ನನಗೆ ಅಲ್ಲಿಂದಲೇ ಕಟ್ ಅನ್ನುವುದು ಕೇಳಿದಂತಾಯಿತು. ಆಮೇಲೆ ಹಿಡಿ ಮೂಗಿಗೆ ಹೋಯಿತು. ಹಮಾಲರು ನಿಂತರು. ಲಕ್ಷ್ಮಣಪ್ಪ ಟವೆಲ್ಲನ್ನು ಎರಡೂ ಕೈಯಲ್ಲಿ ಹಿಡಿದು ಅಬ್ಬಾನ ಮುಖ ನೋಡುತ್ತಿದ್ದ. ಅಬ್ಬಾ ಕೈ ಇಳಿಸಲಿಲ್ಲ. ಯಾವ ಪರೀಕ್ಷೆಯ ಕೋಣೆಯಲ್ಲೂ ನಾನು ಅಷ್ಟು ಹೊತ್ತು ಉಸಿರು ಕಟ್ಟಿ ನಿಂತಿಲ್ಲ. ಛಲೋ ಐತಿ ಅಂದುಬಿಡು ಅಬ್ಬಾ, ಅಂತ ಮನಸ್ಸಿನಲ್ಲೇ ಬೇಡಿಕೊಂಡೆ.

ಅವರು ಭತ್ತವನ್ನು ಚೀಲಕ್ಕೇ ಸುರಿದು, ಮಾಸ್ಕು ಏರಿಸಿಕೊಂಡರು.

“ಲಕ್ಷ್ಮಣಪ್ಪ, ಕೊರೊನಾ ಆದಾಗಿಂದ ನನಗ ವಾಸನಿ ಬರೂದಿಲ್ಲಪ್ಪಾ. ಕೈ, ಹಲ್ಲು ಎರಡೂ ಛಲೋ ಅಂತ ಹೇಳಾಕತ್ಯಾವ. ಆದ್ರ ಮಳಿ ಬಂದಿತ್ತು. ನಿನ್ನ ನೆಲ್ಲು ನಿನಗ ಗೊತ್ತು. ನೀನ ಹೇಳು, ತೋಯ್ದೈತೇನು?”

ಸಾವಕಾರರು, “ಏನಂದ್ರಿ ಮಕ್ಬುಲಸಾಬರ?” ಅಂತ ಹತ್ತಿರ ಬಂದರು. ಅಬ್ಬಾ ಅವರ ಕಡೆ ತಿರುಗಿ, “ಮೂಗು ಹೋಗೇತ್ರಿ ಸಾವಕಾರ್ರ. ಎರಡು ತಿಂಗಳಾತು. ಫೋನಿನಾಗ ಹೇಳಾಕ ಧೈರ್ಯ ಆಗಲಿಲ್ಲ” ಅಂದರು. ದನಿ ಸ್ವಲ್ಪವೂ ನಡುಗಲಿಲ್ಲ.

ಸಾವಕಾರರು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಲಕ್ಷ್ಮಣಪ್ಪ ಟ್ರ್ಯಾಕ್ಟರಿನ ಹಿಂಭಾಗಕ್ಕೆ ನಡೆದು ಒಂದು ಚೀಲದ ಮೇಲೆ ಕೈ ಇಟ್ಟ.

“ಈ ಹಿಂದಿನ ಸಾಲಿನ ಏಳು ತೋಯ್ದಾವ್ರಿ ಸಾಬರ. ಐದು ದಿನ ಹರವಿ ಒಣಗಿಸೀನಿ. ಮುಂದಿನವು ಮನಿಯೊಳಗಿದ್ದವು, ಅವಕ್ಕ ಹನಿ ನೀರು ಮುಟ್ಟಿಲ್ಲ.”

ಸಾವಕಾರರು ಹಿಂದಿನ ಚೀಲದಿಂದ ಒಂದು ಹಿಡಿ ತೆಗೆದು ತಾವೇ ಮೂಸಿದರು. ಮುಂದಿನದನ್ನೂ ಮೂಸಿದರು. “ನನಗೇನೂ ತಿಳೀವಲ್ದು” ಅಂದರು. ಆಮೇಲೆ ಲಕ್ಷ್ಮಣಪ್ಪನನ್ನು ನೋಡಿ, “ಇಪ್ಪತ್ತು ವರ್ಷದಿಂದ ತರಾಕತ್ತಿ. ಹಿಂಗ ಬಾಯಿ ಬಿಟ್ಟು ಯಾವತ್ತರ ಹೇಳೀಯೇನು?” ಅಂದರು.

“ಯಾವತ್ತರ ನನ್ನ ಕೇಳೀರೇನ್ರಿ?” ಅಂದ ಲಕ್ಷ್ಮಣಪ್ಪ. “ಸಾಬರು ಮೂಗಿಗೆ ಹಿಡೀತಿದ್ರು. ನಾವು ಅವರ ಮಾರಿ ನೋಡ್ಕೋತ ನಿಂದರತಿದ್ವಿ.”

ಸಾವಕಾರರು ಅಂಗೈಯಲ್ಲಿದ್ದ ಭತ್ತವನ್ನು ನೋಡುತ್ತಾ ನಿಂತರು. ಅವರು ಏನು ಹೇಳುತ್ತಾರೋ ಅಂತ ಅಬ್ಬಾ ಕೈ ಕಟ್ಟಿಕೊಂಡು ಕಾಯುತ್ತಿದ್ದರು. ಮೂವತ್ತೊಂದು ವರ್ಷದಲ್ಲಿ ಅಲ್ಲಿ ಅವರು ಇನ್ನೊಬ್ಬರ ಬಾಯಿ ನೋಡಿಕೊಂಡು ನಿಂತದ್ದು ಅದೇ ಮೊದಲು. ಸಾವಕಾರರು ಭತ್ತವನ್ನು ಚೀಲಕ್ಕೆ ಹಾಕಿ ಕೈ ಝಾಡಿಸಿಕೊಂಡರು. ಏಳು ಚೀಲ ಬೇರೆ ಇಳಿಸಿ, ಉಳಿದವನ್ನು ತೂಕಕ್ಕೆ ಹಾಕಲು ಹಮಾಲರಿಗೆ ಹೇಳಿದರು. ಹಿಂದೆ ಇನ್ನೂ ನಾಲ್ಕು ಟ್ರ್ಯಾಕ್ಟರು ಸಾಲಾಗಿ ನಿಂತಿದ್ದವು.

“ಮಕ್ಬುಲಸಾಬರ, ಅಲ್ಲ್ಯಾಕ ನಿಂತೀರಿ?” ಅಂದರು. “ಹೋಗ್ರಿ, ಅವರನ್ನೂ ಕೇಳ್ರಿ.”