ಮೂರನೇ ಮಹಡಿಯ ಟೈಪಿಸ್ಟ್

ರೈಲ್ವೆ ಆಡಳಿತ ಕಚೇರಿಯಲ್ಲಿ ಲಿಫ್ಟ್ ನಡೆಸುತ್ತಿದ್ದವನಿಗೆ ನಿವೃತ್ತಿಯಾದ ಮೇಲೂ ಬಿಡುವು ಸಿಗಲಿಲ್ಲ. ಅದೇ ಕಚೇರಿಯ ಮೂರನೇ ಮಹಡಿಯಲ್ಲಿ ಟೈಪಿಸ್ಟ್ ಆಗಿದ್ದ ಹೆಂಡತಿಗೆ ಮರೆವು ಹತ್ತಿತ್ತು. ಬೆಳಗಾದರೆ ತಲೆ ಬಾಚಿ, ಚೀಲ ಹೆಗಲಿಗೇರಿಸಿ ಬಾಗಿಲಲ್ಲಿ ನಿಲ್ಲುತ್ತಿದ್ದಳು. ಕಚೇರಿಗೆ ಕರೆದೊಯ್ಯದಿದ್ದರೆ ಊಟ ಮುಟ್ಟುತ್ತಿರಲಿಲ್ಲ. ದುಡಿಯದೆ ಉಣ್ಣುವುದೆಂದರೆ ಅವಳಿಗೆ ಮೈಯೆಲ್ಲ ಮುಳ್ಳು.

ಕಚೇರಿ ಬೇರೆಡೆಗೆ ಹೋಗಿ ಖಾಲಿ ಬಿದ್ದಿದ್ದರೂ ಹಳೆಯ ಕಟ್ಟಡವಂತೂ ಇತ್ತು. ಬಿಸಿಲು ತಡೆಯಲೆಂದು ಮುಂಭಾಗದುದ್ದಕ್ಕೂ ನಿಲ್ಲಿಸಿದ್ದ ಕಾಂಕ್ರೀಟ್ ಹಲಗೆಗಳು, ಕಂಬಗಳ ಮೇಲೆ ಎತ್ತಿ ಕಟ್ಟಿದ ಮಹಡಿಗಳು, ಅವುಗಳಡಿ ಹಾಯುವ ಗಾಳಿ. ಹೊಸದರಲ್ಲಿ ಊರೇ ನೋಡಲು ಬಂದಿತ್ತಂತೆ. ಕೊನೆಗೆ ಪಾಚಿ ಹಿಡಿದು ಕೋಳಿಗೂಡು ಅನ್ನಿಸಿಕೊಂಡಿತ್ತು. ಅದರ ನೆರಳಲ್ಲಿ ತುಸು ಹೊತ್ತು ಕೂತು, "ನಡೀರಿ, ಕೆಲಸ ಆಯ್ತು," ಎಂದು ಎದ್ದು ಬಂದು ಹೊಟ್ಟೆ ತುಂಬ ಉಣ್ಣುತ್ತಿದ್ದಳು.

ಅದನ್ನೂ ಕೆಡವಿದರು. ತಗಡಿನ ಬೇಲಿಯ ಮುಂದೆ ನಿಂತು, "ದಾರಿ ತಪ್ಪಿಸಿಬಿಟ್ರಿ," ಎಂದವಳು ಅಂದಿನಿಂದ ಸರಿಯಾಗಿ ತುತ್ತೆತ್ತಲಿಲ್ಲ. ಹಾಲಾಗಲಿ, ಗಂಜಿಯಾಗಲಿ, ಮಗಳು ಬಾಯಿಗಿಟ್ಟಿದ್ದೆಲ್ಲ ಮಡಿಲಿಗೆ.

"ಅಪ್ಪಾ, ಹೊಸ ಕಚೇರಿಗೇ ಕರ್ಕೊಂಡು ಹೋಗಿ ನೋಡು," ಅಂದಳು ಮಗಳು, ಕಂಕುಳಲ್ಲಿ ಅಳುವ ಕೂಸನ್ನು ಕುಲುಕುತ್ತ. "ನೀರು ಮರೀಬೇಡ. ಬಿಸಿಲಲ್ಲಿ ನಡೆಸ್ಬೇಡ. ಏನಂದ್ರೂ ಎದುರು ಮಾತಾಡ್ಬೇಡ."

"ಮದುವೆ ಆದಾಗಿಂದ ಯಾವತ್ತಾದ್ರೂ ಆಡಿದ್ದೀನಾ?"

ಹೊಸದು ಗಾಜಿನ ಕಟ್ಟಡ. ಕಾವಲುಗಾರ ಹಳೆಯ ಪರಿಚಯದವನು, ಒಂದು ಸಲ ಮೇಲೆ ಹೋಗಿ ಬನ್ನಿ ಎಂದು ಒಳಗೆ ಬಿಟ್ಟ. ಮೂರನೇ ಮಹಡಿ ಕಂಡರೆ ಸಾಕು, ಇವತ್ತಾದರೂ ಉಂಡಾಳು ಎಂಬ ಆಸೆ ಅವನಿಗೆ. ಲಿಫ್ಟಿನ ಬಾಗಿಲು ತಾನಾಗಿಯೇ ತೆರೆಯಿತು. ಅವಳು ಇಣುಕಿ ನೋಡಿ ಹಿಂದೆ ಸರಿದಳು. ಒಳಗೆ ಸ್ಟೂಲಿಲ್ಲ, ಹಿಡಿಕೆಯಿಲ್ಲ, ಲಿಫ್ಟಿನವನೂ ಇಲ್ಲ.

"ಬಾರೇ."

"ಲಿಫ್ಟಿನವರು ಬರಲಿ."

"ನಾನೇ ಕಣೇ ಲಿಫ್ಟಿನವನು." ಒಳಗೆ ಹೋಗಿ, ಗೋಡೆಗೆ ಬೆನ್ನು ಕೊಟ್ಟು, ಗುಂಡಿಯ ಹತ್ತಿರ ಕೈಯಿಟ್ಟು ನಿಂತ. "ಎಷ್ಟನೇ ಮಹಡಿ, ಮೇಡಂ?"

ಹೀಗೆ ಕೇಳಿ ಕೇಳಿಯೇ ಒಂದು ಕಾಲಕ್ಕೆ ಅವಳ ಮನಸ್ಸಿಗೆ ಹತ್ತಿರವಾದವನು. ಅವಳು ಕಣ್ಣು ಕಿರಿದು ಮಾಡಿ ಅವನ ಮುಖವನ್ನೇ ನೋಡಿದಳು. ಗುರುತು ಸಿಕ್ಕಿತೇನೋ ಅನ್ನಿಸಿತು.

"ನೀವು ಹೋಗಿ ಅಣ್ಣ," ಅಂದಳು ಮೆಲ್ಲಗೆ. "ನಮ್ಮನೆಯವರು ಬರ್ತಾರೆ. ಬೇರೆಯವರ ಜೊತೆ ಹತ್ತಿದ್ರೆ ನೊಂದ್ಕೋತಾರೆ."

ಬಾಗಿಲು ಮುಚ್ಚಲು ಬಂತು. ಕೈ ಅಡ್ಡ ಹಿಡಿದ, ತೆರೆಯಿತು. ಮತ್ತೆ ಬಂತು, ಮತ್ತೆ ಹಿಡಿದ. ಹಿಂದೆ ಕಾಯುತ್ತಿದ್ದವರು ಗೊಣಗತೊಡಗಿದರು. ಕೊನೆಗೆ ಹೊರಗೆ ಬಂದು ಅವಳಿಂದ ಎರಡು ಮಾರು ದೂರದಲ್ಲಿ ನಿಂತ. ಹತ್ತಿರ ಹೋದರೆ ಸರಿದುಕೊಳ್ಳುತ್ತಿದ್ದಳು. ಮನೆಯಲ್ಲಿ ಬಡಿಸಿಟ್ಟ ಊಟ ಆರುತ್ತಿತ್ತು.